ಬೇರೆ ಬೇರೆ ಅಂದ ಡಾಕ್ಟ್ರವ್ವ

ಕಿರಂಗೂರಿನಲ್ಲಿ ಧನುಶ್ರೀಯನ್ನು ಡಾಕ್ಟ್ರವ್ವ ಎಂದು ಮೊದಲು ಕರೆದದ್ದು ಅವಳ ಅಜ್ಜಿ ಮಂಚಮ್ಮ. ಮೊಮ್ಮಗಳು ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ಕಿಡ್ನಿ, ಲಿವರ್ ಎಂದು ಫೋನಿನಲ್ಲಿ ಇಂಗ್ಲಿಷು ಮಾತಾಡಿದರೆ ಅಜ್ಜಿ ಇನ್ನೇನು ತಾನೇ ಅಂದುಕೊಳ್ಳಬೇಕು? ಊರೂ ಆ ಮಾತನ್ನು ಎತ್ತಿಕೊಂಡಿತು. ಧನುಶ್ರೀ ಅಲ್ಲ ಅನ್ನಲಿಲ್ಲ. ಬಿಟ್ಟಿ ಸಿಕ್ಕಿದ ಮರ್ಯಾದೆಯನ್ನು ಯಾರು ಬೇಡ ಅನ್ನುತ್ತಾರೆ!

ಅವಳ ಕೆಲಸ ಮೆಡಿಕಲ್ ಕೋಡಿಂಗ್. ಅಮೆರಿಕದ ಯಾವುದೋ ಕ್ಲಿನಿಕ್ಕಿಗೆ ಬಂದುಹೋದ ರೋಗಿಯ ಬಿಲ್ಲಿಗೆ, ಮಾಡಿದ ಒಂದೊಂದು ಚಿಕಿತ್ಸೆಗೂ ಒಂದೊಂದು ಕೋಡು ಹಾಕುವುದು. ಒಂದೇ ದಿನ ಎರಡು ಚಿಕಿತ್ಸೆ ಆಗಿದ್ದರೆ ಪರದೆ ಕೆಲವು ಸಲ ಕೆಂಪಗಾಗಿ, ಇದು ಅದರದೇ ಭಾಗವಲ್ಲವೇ ಎಂದು ತಡೆಯುತ್ತದೆ. ಎರಡೂ ನಿಜಕ್ಕೂ ಬೇರೆ ಬೇರೆಯಾಗಿದ್ದರೆ ಕೋಡಿನ ಪಕ್ಕ ಐವತ್ತೊಂಬತ್ತು ಎಂಬ ಮಾಡಿಫೈಯರ್, ಅಂದರೆ ‘ಅದು ಬೇರೆ, ಇದು ಬೇರೆ’ ಎನ್ನುವ ಗುರುತು, ಹಾಕಬೇಕು. ಹಾಕುವ ಮುಂಚೆ ಡಾಕ್ಟರ ಟಿಪ್ಪಣಿಯನ್ನು ಪೂರ್ತಿ ಓದಬೇಕು. ಯಾರು ಓದುತ್ತಾರೆ? "ಓದ್ತಾ ಕೂತ್ರೆ ಟಾರ್ಗೆಟ್ ಮುಗಿಯಲ್ಲ. ಐವತ್ತೊಂಬತ್ತು ಹಾಕು, ಕೆಂಪು ಹೋಗುತ್ತೆ" ಎಂದು ಟೀಮ್ ಲೀಡರ್ ಸಂತೋಷ್ ಮೈಸೂರಿನಿಂದ ಫೋನಿನಲ್ಲೇ ಪಾಠ ಹೇಳಿದ್ದ. ಹಾಕಿ ಹಾಕಿ ಅವಳ ಕೈಗೆ ಅದೇ ರೂಢಿಯಾಯಿತು.

ಬಾಯಿಗೂ ಆಯಿತು. ಒಂದು ಬೆಳಿಗ್ಗೆ ಪಕ್ಕದ ಮನೆಯ ಕರಿಯಯ್ಯ ಬಂದು ಜಗುಲಿಯ ಮೇಲೆ ಕಾಲು ಚಾಚಿ ಕೂತ. ಸಕ್ಕರೆ ಕಾಯಿಲೆಯ ಮನುಷ್ಯ. ಕಬ್ಬಿನ ಕೂಳೆ ಚುಚ್ಚಿ ಕಾಲಿನ ಹೆಬ್ಬೆರಳು ಹುಣ್ಣಾಗಿತ್ತು.

"ಬೆಳ್ಳು ಇಂಗಾಗದೆ ಕಣವ್ವ. ಈಗ ತೊಡೆಸಂದೀಲೂ ಗಂಟು ಎದ್ದದೆ. ಇದ್ರಿಂದ್ಲೇ ಅದೂ ಬಂದದಾ, ಇಲ್ಲ ಬ್ಯಾರೇನಾ? ಆಸ್ಪತ್ರೆಗೆ ಓಗ್ಬೇಕಾ?"

ಒಳಗೆ ಪರದೆ ಕೆಂಪಗಾಗಿ ಕಾಯುತ್ತಿತ್ತು. ಗೊತ್ತಿಲ್ಲ ಅನ್ನಲು ಧನುಶ್ರೀಗೆ ನಾಚಿಕೆ. ಅಜ್ಜಿ ಬೇರೆ ಹೆಮ್ಮೆಯಿಂದ ಅವಳ ಬಾಯನ್ನೇ ನೋಡುತ್ತಿದ್ದಳು.

"ಅದು ಬೇರೆ, ಇದು ಬೇರೆ ದೊಡ್ಡಪ್ಪ. ಗಂಟು ತಾನಾಗೇ ಇಳೀತದೆ, ಬೆರಳಿಗೆ ಅರಿಶಿನ ಹಚ್ಚು" ಎಂದುಬಿಟ್ಟಳು.

ಶ್ರೀರಂಗಪಟ್ಟಣದ ಆಸ್ಪತ್ರೆಗೆಂದು ಹೊರಟಿದ್ದ ಕರಿಯಯ್ಯ ಗದ್ದೆಗೆ ಹೋದ. ವಾರ ಕಳೆಯುವುದರೊಳಗೆ ಬೆರಳು ಕಪ್ಪಗಾಗಿ, ಜ್ವರದಲ್ಲಿ ಬಡಬಡಿಸುತ್ತಿದ್ದವನನ್ನು ಮಗ ಶಂಕರ್ ಮೈಸೂರಿಗೆ ಕರೆದೊಯ್ದ. ಬೆರಳಿನ ನಂಜು ಮೇಲಕ್ಕೇರಿಯೇ ಗಂಟಾಗಿತ್ತಂತೆ. ಎರಡೂ ಒಂದೇ ರೋಗ. ಹೆಬ್ಬೆರಳನ್ನು ತೆಗೆದರು.

ಸುದ್ದಿ ಕೇಳಿದ ಮೇಲೆ ಧನುಶ್ರೀಗೆ ಯಾರಾದರೂ ಡಾಕ್ಟ್ರವ್ವ ಎಂದರೆ ಮೈಮೇಲೆ ಕೆಂಡ ಸುರಿದ ಹಾಗಾಗುತ್ತಿತ್ತು. ಪರದೆ ಕೆಂಪಾದರೆ ಈಗ ಟಿಪ್ಪಣಿಯನ್ನು ಕೊನೆಯವರೆಗೆ ಓದುತ್ತಾಳೆ, ಸಂತೋಷ್ ಬೈದರೆ ಬೈಸಿಕೊಳ್ಳುತ್ತಾಳೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ!

ಕರಿಯಯ್ಯ ಊರಿಗೆ ಮರಳಿದಾಗ ಅವಳು ಬ್ರೆಡ್ಡು ಹಿಡಿದುಕೊಂಡು ಹೋದಳು. ಕಾಲಿನ ಕಟ್ಟು ನೋಡಲಾಗದೆ ನೆಲ ನೋಡುತ್ತಾ ಕೂತಳು. ಅವನು ದನಿ ತಗ್ಗಿಸಿದ.

"ಆ ಡಾಕ್ಟ್ರು ಬಲು ಬೈದ್ರು ಕಣವ್ವ. ಬ್ಯಾರೆ ಬ್ಯಾರೆ ಅಂತ ಯಾವ ದಡ್ಡ ಏಳಿದ್ದು ಅಂದ್ರು. ನಾ ನಿನ್ನೆಸ್ರು ಎತ್ನಿಲ್ಲ. ನಂಗೇ ಅಂಗನ್ನುಸ್ತು ಅಂದ್ಬುಟ್ಟೆ. ಶಂಕರಂಗೂ ಏಳಿಲ್ಲ. ನಿಂಗೆ ಕೆಟ್ಟೆಸ್ರು ಬರ್ಬಾರ್ದು ನೋಡು."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಧನುಶ್ರೀಗೆ. "ದೊಡ್ಡಪ್ಪ, ನಾನು ಡಾಕ್ಟ್ರೇ ಅಲ್ಲ. ಬಿಲ್ಲಿಗೆ ನಂಬರು ಹಾಕೋಳು" ಎಂದು ಅತ್ತುಬಿಟ್ಟಳು.

ಕರಿಯಯ್ಯ ನಕ್ಕ. "ಬುಡವ್ವ, ಒಂದ್ಸಲ ತಪ್ತು ಅಂತ ಓದಿದ್ದೇ ಸುಳ್ಳು ಅಂತೀಯಾ?" ಎಂದು, ಒಳಗಿದ್ದ ಹೆಂಡತಿಯನ್ನು ಕೂಗಿದ. "ಲೇ ಮಾದಮ್ಮ, ಡಾಕ್ಟ್ರವ್ವ ಬಂದವ್ಳೆ, ನಿನ್ ನೋವು ತೋರ್ಸು ಬಾ."

ಮಾದಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಎದುರಿಗೆ ಕೂತಳು. "ಬೆಳಗಿಂದ ಎದೆ ಇಡ್ಕಂಡದೆ ಕಣವ್ವ, ಎಡಗೈಯೂ ಸೆಳೀತದೆ. ಎಲ್ಡೂ ಒಂದೇನಾ, ಬ್ಯಾರೇನಾ?"

"ನಂಗೊತ್ತಿಲ್ಲ ದೊಡ್ಡವ್ವ" ಎಂದಳು ಧನುಶ್ರೀ. ಬೀದಿಯಲ್ಲಿದ್ದವರಿಗೂ ಕೇಳುವ ಹಾಗೆ ಇನ್ನೊಮ್ಮೆ ಅಂದಳು. "ನಂಗೊತ್ತಿಲ್ಲ! ಏಳು, ಆಟೋ ಕರೀತೀನಿ, ಈಗ್ಲೇ ಆಸ್ಪತ್ರೆಗೆ ಓಗಾನ."