ಬೋಳು ಅಲಗು

"ಬೆಳಕಿಗೆ ಹಿಡಿದು ನೋಡಿ, ಹೆಸರು ಕಾಣತ್ತೆ," ಎಂದರು ಯಜಮಾನರು, ಎರಡನೇ ಸಲ.

ಮ್ಯೂಸಿಯಮ್ಮಿನಿಂದ ಬಂದಿದ್ದ ಹೆಂಗಸು ಬಾಕುವನ್ನು ಕಿಟಕಿಯತ್ತ ತಿರುಗಿಸಿದಳು. ಬುಖಾರಾದ ಕಮ್ಮಾರನೊಬ್ಬ ಇನ್ನೂರು ವರ್ಷದ ಹಿಂದೆ ಅಲಗಿನ ಮೇಲೆ ಚಿನ್ನದ ತೆಳು ಲೇಪದಲ್ಲಿ ತನ್ನ ಹೆಸರು ಬರೆದಿದ್ದನಂತೆ. ಆ ಹೆಸರಿಗಾಗಿಯೇ ಅವಳು ಬಂದದ್ದು. ಅಲಗು ಈಗ ತಿಕ್ಕಿಟ್ಟ ಸೌಟಿನ ಹಾಗೆ ಫಳಫಳ ಹೊಳೆಯುತ್ತಿತ್ತು. ಅಕ್ಷರ ಒಂದೂ ಇರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮೇಜಿನತ್ತ ನೋಡಿದಳು. ಅಲ್ಲಿದ್ದದ್ದು ಅಲಗಿಗೆ ಸವರುವ ಎಣ್ಣೆಯ ಡಬ್ಬಿಯಲ್ಲ, ಹಿತ್ತಾಳೆ ಬೆಳಗುವ ಪಾಲಿಶಿನದು. ಎರಡೂ ಒಂದೇ ಗಾತ್ರ. ಕಣ್ಣು ಮಂಜಾಗಿ ವರ್ಷವಾಗಿದ್ದರೂ ಈ ಮನುಷ್ಯ ಒಪ್ಪಿಕೊಂಡವರಲ್ಲ. ಮೂಗಂತೂ ನಶ್ಯಕ್ಕೆ ಎಂದೋ ಬಲಿಯಾಗಿತ್ತು. ಗಡಿಯಾರ ರಿಪೇರಿಯಲ್ಲಿ ದುಡಿದದ್ದನ್ನೆಲ್ಲ ಹನ್ನೊಂದು ಬಾಕುಗಳಿಗೆ ಸುರಿದವರು. ಅವಳ ಬಳೆಯೂ ಅಲ್ಲಿಗೇ ಹೋಗಿತ್ತು. ನಲವತ್ತು ವರ್ಷದಿಂದ ಅವಳು ಅವುಗಳನ್ನು ಸವತಿಯರೆಂದೇ ಕರೆಯುತ್ತಿದ್ದಳು. ಮ್ಯೂಸಿಯಮ್ಮಿಗೆ ಹೋಗುವ ಮದುವಣಗಿತ್ತಿ ಎಂದು ಈ ಒಂದನ್ನು ಅವರು ತಿಂಗಳಿಂದ ದಿನಾ ಉಜ್ಜಿದ್ದರು.

ಬಂದ ಹೆಂಗಸು ಡಬ್ಬಿಯ ಕಡೆ ನೋಡಿ ಬಾಯಿ ತೆರೆದಳು. ತಮ್ಮ ಕೈಯೇ ಹೆಸರನ್ನು ಅಳಿಸಿತು ಎಂದು ತಿಳಿದರೆ ಇವರು ಉಳಿಯುವುದಿಲ್ಲ ಅನ್ನಿಸಿತು ಹೆಂಡತಿಗೆ.

"ನಾನೇ ರೀ ಉಜ್ಜಿದ್ದು," ಎಂದಳು. "ನೀವು ಮಲಗಿದ್ದಾಗ. ಹೊಳೀಲಿ ಅಂತ. ಹೆಸರು ಹೋಗ್ಬಿಡ್ತು."

ಅವರು ಬೆರಳಿನಿಂದ ಅಲಗನ್ನು ಸವರಿದರು, ಇನ್ನೊಮ್ಮೆ ಸವರಿದರು. ಬೈದರೆ ಸಾಕಪ್ಪಾ ಎಂದು ಅವಳು ಕಾದಳು. ಹೆತ್ತ ತಾಯಿ ಸತ್ತಾಗಲೂ ಕಣ್ಣು ಒದ್ದೆ ಮಾಡದ ಆಸಾಮಿ, ಹೊರಗಿನವರ ಎದುರು ಬಿಕ್ಕಿ ಬಿಕ್ಕಿ ಅತ್ತರು. ಆ ಹೆಂಗಸಿಗೆ ಅರ್ಥವಾಯಿತೋ ಏನೋ, ಉಳಿದ ಹತ್ತನ್ನು ಮುಂದಿನ ವಾರ ಬಂದು ನೋಡುತ್ತೇನೆ ಎಂದು ಮೆಲ್ಲಗೆ ಎದ್ದಳು.

ಹೆಂಡತಿ ಅವಳನ್ನು ಗೇಟಿನ ತನಕ ಕಳಿಸಿ ಬರುವಷ್ಟರಲ್ಲಿ ಮೇಜಿನ ಮೇಲೆ ಒರೆಸುವ ಬಟ್ಟೆಯೂ ಇರಲಿಲ್ಲ, ಡಬ್ಬಿಯೂ ಇರಲಿಲ್ಲ. ಬಾಕುಗಳ ಕೋಣೆಗೆ ಒಳಗಿನಿಂದ ಚಿಲಕ ಬಿದ್ದಿತ್ತು.

ಅವಳು ಬಾಗಿಲು ಬಡಿದಳು. ಅದು ಎಣ್ಣೆಯಲ್ಲ, ಪಾಲಿಶು, ಆ ಡಬ್ಬಿ ಇತ್ತ ಕೊಡಿ ಎಂದು ಗೋಗರೆದಳು.

"ಎಣ್ಣೆ ಯಾವುದು, ಪಾಲಿಶ್ ಯಾವುದು ಅಂತ ನೀನು ನನಗೆ ಹೇಳ್ಕೊಡ್ತೀಯಾ?" ಒಳಗಿನ ದನಿ ತಣ್ಣಗಿತ್ತು. "ಉಳಿದಿದ್ದನ್ನೆಲ್ಲ ಇನ್ಮೇಲೆ ನಾನೇ ಒರೆಸಿಡ್ತೀನಿ. ನಿನ್ನ ಕೈ ಸೋಕೋದು ಬೇಡ."

ಒರೆಯಿಂದ ಅಲಗು ಎಳೆದ ಸದ್ದಾಯಿತು. ಆಮೇಲೆ ಬಟ್ಟೆ ಉಜ್ಜುವ ಸದ್ದು, ನಿಧಾನವಾಗಿ, ಅಕ್ಕರೆಯಿಂದ. ಅವಳು ಬಾಗಿಲಿಗೆ ಹಣೆ ಹಚ್ಚಿ ನಿಂತಳು.