ಖಂಡೆ ಪೂಜೆಯ ಮರುದಿನದ ಟೇಪು

ಕೊಳಾರದ ಒಂದು ಔಷಧಿ ಕಾರ್ಖಾನೆಯಲ್ಲಿ ನಾನು ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿ ಇರುವವರು ಇಬ್ಬರೇ: ನಾನು, ಮತ್ತು ಔರಾದದಿಂದ ದಿನಾ ಬಸ್ಸಿನಲ್ಲಿ ಬರುವ ಶರೋನ. ಮುಖ್ಯಸ್ಥನೆನಿಸಿಕೊಳ್ಳಲು ಅಷ್ಟು ಸಾಕು.

ಔಷಧಿಗಳ ಹದಿನೈದು ವರ್ಷದ ಪರೀಕ್ಷಾ ದಾಖಲೆಯೆಲ್ಲ ಒಂದೇ ಟೇಪಿನಲ್ಲಿತ್ತು. ಅದು ಅಳಿಸಿಹೋದರೆ ಕಾರ್ಖಾನೆಯ ಪರವಾನಗಿಗೇ ಕುತ್ತು. ಅದರ ನಕಲು ತೆಗೆಯುವ ಕೆಲಸ ನನ್ನದು. ಟೇಪ್ ಡ್ರೈವ್ ಎರಡಿದ್ದವು. ಕಂಪ್ಯೂಟರ್ ತನಗೆ ಮೊದಲು ಕಂಡದ್ದಕ್ಕೆ ಸೊನ್ನೆ, ಆಮೇಲೆ ಕಂಡದ್ದಕ್ಕೆ ಒಂದು ಎಂದು ಹೆಸರಿಡುತ್ತದೆ. ನಾನೂ ಅವುಗಳ ಮೇಲೆ ಹಾಗೇ ಚೀಟಿ ಅಂಟಿಸಿದ್ದೆ.

"ಸರ್, ಆ ನಂಬರ್ ಬದಲಾಗ್ತಾವರಿ. ಡ್ರೈವಿನ ಬೆನ್ನಿಗೆ ಸೀರಿಯಲ್ ನಂಬರ್ ಅದಲ್ರಿ, ಆ ಹೆಸರ್ಲೇ ಕರದ್ರ ಎಂದೂ ತಪ್ಪಂಗಿಲ್ಲ," ಎಂದು ಶರೋನ ಹೇಳಿದ್ದಳು.

"ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡ್ತೇನಿ, ತಂಗಿ," ಎಂದು ನಾನು ನಕ್ಕಿದ್ದೆ. ಆ ನಗು ನೆನೆದರೆ ಈಗಲೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ದಸರೆಯ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಡ್ರೈವುಗಳನ್ನು ಕಳಚಿ, ಒರೆಸಿ, ಕುಂಕುಮ ಹಚ್ಚಿ, ಮತ್ತೆ ಜೋಡಿಸಿದವನು ನಾನೇ. ಯಾವ ಕೇಬಲ್ಲು ಎಲ್ಲಿತ್ತೆಂದು ನೋಡಲಿಲ್ಲ. ಭಕ್ತಿಯೇನೋ ಬೇಕಾದಷ್ಟಿತ್ತು.

ಮರುದಿನ ದಾಖಲೆಯ ಟೇಪನ್ನು ಸೊನ್ನೆ ಚೀಟಿಯ ಡ್ರೈವಿಗೂ, ನಕಲಿಗೆಂದು ತೆಗೆದಿಟ್ಟಿದ್ದ ಹಳೆಯ ಟೇಪನ್ನು ಒಂದಕ್ಕೂ ಹಾಕಿ, 'ಒಂದನ್ನು ಅಳಿಸು' ಎಂದು ಆಜ್ಞೆ ಕೊಟ್ಟೆ. ಟೇಪಿಗೆ ಬೀಗವಿದೆ, ಅಳಿಸಲಾಗದು ಎಂದಿತು ಕಂಪ್ಯೂಟರ್. 'ಒಂದನ್ನು ಹೊರಹಾಕು' ಎಂದೆ. ಸೊನ್ನೆ ಚೀಟಿಯ ಡ್ರೈವು ಟೇಪನ್ನು ಹೊರಗೆ ತಳ್ಳಿತು. ಬುದ್ಧಿ ಇದ್ದವರು ಅಲ್ಲೇ ನಿಲ್ಲುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಚೀಟಿಗಳೇ ತಪ್ಪೆಂದು ಎರಡನ್ನೂ ಕಿತ್ತು ಅದಲುಬದಲು ಅಂಟಿಸಿದೆ. ಒಂದರಿಂದ ಬಂದದ್ದು ಆ ಹಳೆಯ ಟೇಪೇ ಇರಬೇಕೆಂದು, ಮೇಲೇನು ಬರೆದಿದೆ ಎಂದೂ ನೋಡದೆ, ಅಂಚಿನ ಪುಟ್ಟ ಗುಂಡಿ ಸರಿಸಿ ಬೀಗ ತೆಗೆದು, ಮತ್ತೆ ಒಳಗೆ ತುರುಕಿ, ಅದೇ ಆಜ್ಞೆಯನ್ನು ಟೈಪು ಮಾಡಿದೆ.

ಎಂಟರ್ ಒತ್ತುವಷ್ಟರಲ್ಲಿ, ನಾನು ಬೀಗ ತೆಗೆದದ್ದನ್ನು ಬಾಗಿಲಿಂದ ಕಂಡ ಶರೋನ ಓಡಿ ಬಂದು ನನ್ನ ಕೈ ಹಿಡಿದಳು.

"ಬ್ಯಾಡ್ರಿ ಸರ್! ಅದು ದಾಖಲೆ ಟೇಪ್ ಅದರಿ. ನಿನ್ನೆ ನಾನೇ ಬೀಗ ಹಾಕೀನಿ."

ಟೇಪು ತೆಗೆದು ನೋಡಿದೆ. ಅವಳದೇ ಅಕ್ಷರದಲ್ಲಿ 'ದಾಖಲೆ' ಎಂದಿತ್ತು. ಗುಂಡಿಯನ್ನು ಮತ್ತೆ ಬೀಗದತ್ತ ಸರಿಸಿದೆ.

ಅಷ್ಟರಲ್ಲಿ ಮ್ಯಾನೇಜರ್ ಮಜೀದ ಸಾಹೇಬರು ಬಂದರು. "ನಕಲ್ ಆಯ್ತೇನ್ರಿ, ಭಾಲಚಂದ್ರ?"

"ಕೇಬಲ್ ಜರಾ ಅದಲುಬದಲಾಗ್ಯಾವರಿ," ಎಂದಳು ಶರೋನ. ನನ್ನ ಮಾನ ಉಳಿಸಲು ಅಷ್ಟೇ ಸಾಕಿತ್ತು. ಹೌದೆಂದು ತಲೆಯಾಡಿಸಲೂ ಹೊರಟಿದ್ದೆ. ಅವಳ ಮುಖ ನೋಡಿ ಆಗಲಿಲ್ಲ.

"ಎಲ್ಲಾ ಅಳಿಸಿಬಿಡ್ತಿದ್ದೆ, ಸಾಹೇಬ್ರ. ಈಕಿ ಕೈ ಹಿಡದಳು."

ಸಾಹೇಬರು ಟೇಪು ಇಸಿದುಕೊಂಡು ಅದರ ಮೇಲಿನ ಅಕ್ಷರ ಓದಿದರು. "ಹಂಗಾದ್ರ ಶರೋನ ಮಾಡ್ಲಿ. ನೀವು ಬಾಜೂಕ ಇರ್ರಿ."

ಕುರ್ಚಿ ಬಿಟ್ಟುಕೊಟ್ಟೆ. "ಸರ್, ಡ್ರೈವಿನ ಬೆನ್ನಿನ ನಂಬರ್ ಓದಿ ಹೇಳ್ರಿ, ಸ್ಕ್ರೀನಿನ ನಂಬರಿಗೆ ತಾಳೆ ನೋಡ್ತೇನಿ," ಎಂದಳು. ಡ್ರೈವಿನ ಹಿಂದೆ ಮಂಡಿಯೂರಿ ಗಟ್ಟಿಯಾಗಿ ಓದತೊಡಗಿದೆ. ಮೂರನೆಯ ಅಂಕಿಯನ್ನೇ ತಪ್ಪು ಓದಿದೆ. ಅವಳು ತಿದ್ದಿದಳು. ನಾನು ಹ್ಞೂಂ ಎಂದೆ.