ಮನೆಯಲ್ಲಿದ್ದ ಎರಡೇ ಮೂಗು

ನನ್ನ ಗಂಡ ಗ್ಯಾಸ್ ಒಲೆ ರಿಪೇರಿ ಮಾಡುತ್ತಾರೆ. ಬೀದಿಯವರೆಲ್ಲ ಅವರನ್ನು ಕರೆಯುವುದೇ ಮೂಗುರಾಯ ಅಂತ. ಮೂಗು ದೊಡ್ಡದು ಅನ್ನುವ ಕಾರಣಕ್ಕಲ್ಲ. ಅದು ದೊಡ್ಡದೇ, ಆದರೆ ಅದರ ಮೇಲೆ ಅವರಿಗಿರುವ ಅಭಿಮಾನ ಇನ್ನೂ ದೊಡ್ಡದು. ಯಾರ ಮನೆಗೆ ಹೋದರೂ ಒಲೆ ಮುಟ್ಟುವ ಮೊದಲು ಬಾಗಿಲಲ್ಲೇ ನಿಂತು, ಕಣ್ಣು ಮುಚ್ಚಿ, ಒಂದು ಸಲ ಉಸಿರೆಳೆದು, "ಪೈಪಿನ ಬುಡದಲ್ಲಿ ಸೋರ್ತಿದೆ" ಅಂದುಬಿಡುತ್ತಾರೆ. ಇದೇ ಕಸುಬಿನ ಬೇರೆಯವರು ಪೈಪಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದಾ ಎಂದು ನೋಡುತ್ತಾರೆ. "ಅದು ಮೂಗಿಲ್ಲದವರು ಮಾಡೋ ಕೆಲಸ" ಎನ್ನುವುದು ಇವರ ತೀರ್ಮಾನ.

ಹೋದ ತಿಂಗಳು ನಮ್ಮ ಮನೆಯಲ್ಲಿ ಮೂವರಿಗೆ ಕೋವಿಡ್ ಬಂತು. ನನಗೆ, ಅತ್ತೆಗೆ, ಎಂಟು ವರ್ಷದ ಮಗಳಿಗೆ. ಇವರಿಗೆ ಮಾತ್ರ ಬರಲಿಲ್ಲ. "ಬಂದಿತ್ತು ಕಣೇ, ಬಾಗಿಲಲ್ಲೇ ವಾಸನೆ ಹಿಡಿದು ಓಡಿಸ್ದೆ" ಎಂದು ಕಂಡಕಂಡವರ ಮುಂದೆ ಕೊಚ್ಚಿಕೊಂಡರು. ನಾವು ಮೂವರೂ ಕೆಮ್ಮುತ್ತಾ ಕೇಳಿಸಿಕೊಂಡೆವು. ತಿರುಗಿ ಬೈಯಲು ಯಾರಲ್ಲೂ ಉಸಿರಿರಲಿಲ್ಲ.

ಅತ್ತೆಗೆ ಜ್ವರ ಬಂದಷ್ಟೇ ಬೇಗ ಬಿಟ್ಟುಹೋಯಿತು. ನನಗೆ ವಾಸನೆ ಹೋಯಿತು, ಇನ್ನೂ ವಾಪಸ್ ಬಂದಿಲ್ಲ. ಕಾಫಿ ಕುಡಿದರೂ ಒಂದೇ, ಬಿಸಿನೀರು ಕುಡಿದರೂ ಒಂದೇ. ಅತ್ತೆಯ ಮೂಗನ್ನಂತೂ ಲೆಕ್ಕಕ್ಕೆ ಹಿಡಿಯುವ ಹಾಗೇ ಇಲ್ಲ. ಮದುವೆಯಾದಂದಿನಿಂದ ನಶ್ಯ ಏರಿಸಿ ಏರಿಸಿ ಅದರ ಕಥೆಯನ್ನು ಎಂದೋ ಮುಗಿಸಿದ್ದಾರೆ. ನಿಜವಾದ ಪೆಟ್ಟು ಬಿದ್ದದ್ದು ಮಗಳಿಗೆ. ಅವಳನ್ನು ನಾವು ಸಾಸಿವೆ ಅನ್ನುತ್ತೇವೆ. ಸಣ್ಣ ಮೈ, ಸಿಡಿಯುವ ಬಾಯಿ. ಆ ಬಾಯಿ ಆಸ್ಪತ್ರೆಯಲ್ಲಿ ಮೂರು ದಿನ ಒಂದು ಮಾತೂ ಆಡಲಿಲ್ಲ. ನಾನೂ ರೋಗಿಯೇ ಆದ್ದರಿಂದ ಜೊತೆಗಿರಲು ಬಿಟ್ಟಿದ್ದರು. ಅವಳ ಬೆರಳಿಗೆ ಸಿಕ್ಕಿಸಿದ್ದ ಪುಟ್ಟ ಯಂತ್ರದಲ್ಲಿ ಅಂಕಿ ಇಳಿಯುತ್ತಾ ಬಂತು, ನರ್ಸ್ ಓಡಿ ಬಂದು ಆಕ್ಸಿಜನ್ ಮಾಸ್ಕ್ ಹಾಕಿದಳು, ನಾನು ಗೋಡೆ ಹಿಡಿದು ನಿಂತಿದ್ದೆ. ಮಗಳು ಎದ್ದು ಮನೆಗೆ ಬಂದಳು. ಆ ಅಂಕಿ ಮಾತ್ರ ನನ್ನ ಕಣ್ಣಿಂದ ಹೋಗಲಿಲ್ಲ. ಇನ್ನೊಂದು ಸಲ ಅದನ್ನು ನೋಡುವ ಶಕ್ತಿ ನನಗಿರಲಿಲ್ಲ. ಇನ್ನೊಂದು ಸಲ ತಡೆದುಕೊಳ್ಳುವ ಶಕ್ತಿ ಅವಳ ಮೈಯಲ್ಲೂ ಇರಲಿಲ್ಲ.

ಅಂಥಾದ್ದರಲ್ಲಿ ಭಾನುವಾರ ಬೆಳಿಗ್ಗೆ ಸಾಸಿವೆ ಸೀನಿದಳು.

ಮೊದಲ ಸೀನಿಗೆ ಯಾರೂ ಏನೂ ಅನ್ನಲಿಲ್ಲ. ಎರಡನೆಯದಕ್ಕೆ ಅತ್ತೆ ಪೇಪರು ಕೆಳಗಿಟ್ಟರು. ಮೂರನೆಯದಕ್ಕೆ ನಾನು ಒಲೆ ಮೇಲಿನ ಹಾಲನ್ನು ಅದರ ಪಾಡಿಗೆ ಬಿಟ್ಟು ಓಡಿ ಬಂದು ಹಣೆ ಮುಟ್ಟಿದೆ.

"ಬೆಚ್ಚಗಿದೆ," ಅಂದೆ.

"ಬದುಕಿರೋ ಮಗು ಬೆಚ್ಚಗೇ ಇರುತ್ತೆ," ಅಂದರು ಅತ್ತೆ.

"ನಂಗೇನೂ ಆಗಿಲ್ಲಮ್ಮ. ಮೂಗು ಸೋರ್ತಿದೆ ಅಷ್ಟೇ."

"ಸೋರೋದನ್ನ ನಿಮ್ಮಪ್ಪ ನೋಡ್ಕೋತಾರೆ, ನೀನು ಬಾಯಿ ತೆಗಿ," ಎಂದು ಥರ್ಮಾಮೀಟರ್ ಇಟ್ಟೆ.

ಜ್ವರ ಇರಲಿಲ್ಲ. ಥರ್ಮಾಮೀಟರೇ ಕೆಟ್ಟಿರಬೇಕೆಂದು ತೊಳೆದು ಅತ್ತೆಯ ಬಾಯಿಗೂ ಇಟ್ಟು ನೋಡಿದೆ. ಅವರಿಗೂ ಇರಲಿಲ್ಲ. ಬಾಯಲ್ಲಿ ಥರ್ಮಾಮೀಟರ್ ಇದ್ದಷ್ಟು ಹೊತ್ತು ಮನೆ ತಣ್ಣಗಿತ್ತು ಅನ್ನುವುದೊಂದೇ ಅದರಿಂದಾದ ಲಾಭ. ನಾನು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಗಾಜು ಬದಲಿಸಿ ಬದಲಿಸಿ ಈಗ ಸರಿ ಕಾಣುತ್ತಾ, ಈಗ ಕಾಣುತ್ತಾ ಎಂದು ದಿನವಿಡೀ ಜನರನ್ನು ಕೇಳುವವಳು. ಅಂದು ನನಗೆ ಮಗಳ ಮುಖ ಒಂದು ಗಳಿಗೆ ಕೆಂಪಗೆ, ಒಂದು ಗಳಿಗೆ ಬಿಳಿಚಿಕೊಂಡು ಕಾಣುತ್ತಿತ್ತು.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ದನಿಯಲ್ಲಿ ಇನ್ನೂ ಅರ್ಧ ನಿದ್ದೆ ಇತ್ತು.

"ವಾಸಿಯಾಗಿ ಇನ್ನೂ ತಿಂಗಳಾಗಿಲ್ಲ ಅಲ್ವಾ? ಇಷ್ಟು ಬೇಗ ಮತ್ತೆ ಬರೋದು ಕಮ್ಮಿ. ಬರೋದೇ ಇಲ್ಲ ಅಂತ ಹೇಳೋಕಾಗಲ್ಲ. ಜ್ವರ ನೋಡ್ತಾ ಇರಿ, ವಾಸನೆ ಸರಿಯಾಗಿ ಬರ್ತಿದ್ಯಾ ನೋಡಿ. ಸಂಜೆ ಕರ್ಕೊಂಡ್ಬನ್ನಿ, ಟೆಸ್ಟ್ ಮಾಡೋಣ."

ಹೆದರಬೇಡಿ ಅಂತ ಒಂದು ಮಾತು ಹೇಳಿದ್ದರೆ ಆಕೆಯ ಗಂಟೇನು ಹೋಗುತ್ತಿತ್ತು?

ಇವರು ಮೂರು ಮನೆಯ ಒಲೆ ರಿಪೇರಿ ಮುಗಿಸಿ ಮಧ್ಯಾಹ್ನ ಬಂದರು. ಬೇರೆ ದಿನವಾಗಿದ್ದರೆ ಮೆಟ್ಟಿಲು ಹತ್ತುತ್ತಲೇ ಕೆಳಗಿನವರ ಅಡುಗೆ ಏನು, ಎದುರು ಮನೆಯವರದ್ದು ಎಷ್ಟು ಸೀದಿದೆ ಎಂದು ವರದಿ ಒಪ್ಪಿಸುತ್ತಿದ್ದರು. ಅಂದು ಸುಮ್ಮನೆ ಬಂದು ಚಪ್ಪಲಿ ಬಿಟ್ಟು, "ಗಂಟಲು ಒಂಥರಾ ಇದೆ, ಧೂಳು" ಅಂದರು. ಅವರ ಗಂಟಲನ್ನು ವಿಚಾರಿಸುವ ಪುರುಸೊತ್ತು ನನಗೆಲ್ಲಿತ್ತು? ಮಗಳ ಸುದ್ದಿ ಹೇಳಿದೆ. ಅವರ ಮುಖ ಇಳಿಯಿತು.

ಆದರೆ ಗಂಡಸಲ್ಲವೇ, ಹೆದರಿದೆ ಎಂದು ಹೇಳುವ ಬದಲು ಒಂದು ಕೆಲಸ ಹಿಡಿದು ಕೂತರು. ಎಲ್ಲರ ಮನೆ ಒಲೆಗೂ ಇವರ ಕೈಯಲ್ಲಿ ಹೊಸ ಜನ್ಮ ಬರುತ್ತದೆ, ನಮ್ಮ ಮನೆಯದಕ್ಕೆ ಮಾತ್ರ ಗತಿಯಿಲ್ಲ. ಪೈಪು ಬದಲಿಸಿ ಎಂದು ನಾನು ತಿಂಗಳುಗಟ್ಟಲೆ ತಲೆ ತಿಂದಿದ್ದೆ. ಈಗ ಅದನ್ನು ಬಿಚ್ಚಿ, ಹೊಸದನ್ನು ಹಾಕಿ, ಸಿಲಿಂಡರಿನ ಗುಂಡಿ ತಿರುಗಿಸಿ, ಕಣ್ಣು ಮುಚ್ಚಿ ಉಸಿರೆಳೆದು "ಪಕ್ಕಾ" ಅಂದರು. ಆಮೇಲೆ ಕೈ ತೊಳೆದು, "ವಾಸನೆ ಪರೀಕ್ಷೆ ತಾನೆ? ಅದನ್ನ ನನಗೆ ಬಿಡು," ಅಂದರು.

ಸಾಸಿವೆಯನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ ನನ್ನ ಶಾಲಿನಿಂದ ಕಣ್ಣು ಕಟ್ಟಿದರು. ಕಾಫಿಪುಡಿಯ ಡಬ್ಬಿ ಮೂಗಿಗೆ ಹಿಡಿದರು.

"ಕಾಫಿ."

ನಿಂಬೆ ಸಿಪ್ಪೆ ಹಿಡಿದರು.

"ನಿಂಬೆಹಣ್ಣು."

ತಮ್ಮ ಕೆಲಸದ ಚೀಲದಿಂದ ಕೈ ಒರೆಸುವ ಬಟ್ಟೆ ತೆಗೆದು ಹಿಡಿದರು.

"ಥೂ! ಅಪ್ಪ, ಇದು ನೀನು!"

ಅತ್ತೆ ಗೊಳ್ಳೆಂದು ನಕ್ಕರು. ನನಗೂ ಹೋದ ಜೀವ ಬಂದ ಹಾಗಾಯಿತು. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಪರೀಕ್ಷೆ ಮಾಡುವವರಿಗೆ ಒಂದಾದರೂ ಕೊಂಕು ಪ್ರಶ್ನೆ ಹಾಕದಿದ್ದರೆ ತೃಪ್ತಿಯಿಲ್ಲ. ಇವರು ಒಂದು ಖಾಲಿ ಲೋಟ ಹಿಡಿದರು.

ಸಾಸಿವೆ ಮೂಸಿದಳು. "ಗ್ಯಾಸ್."

"ಸರಿಯಾಗಿ ಮೂಸು."

"ಗ್ಯಾಸೇ ಅಪ್ಪ. ಒಲೆ ಗ್ಯಾಸ್. ಆಗ್ಲಿಂದ ಬರ್ತಿದೆ."

ಇವರು ಲೋಟವನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಮತ್ತೆ ತಲೆಯೆತ್ತಿ ನಾಲ್ಕೂ ದಿಕ್ಕಿಗೆ ಉಸಿರೆಳೆದರು. "ಗ್ಯಾಸೂ ಇಲ್ಲ, ಏನೂ ಇಲ್ಲ. ಇದ್ದಿದ್ರೆ ನನಗೆ ಗೊತ್ತಾಗ್ತಿರ್ಲಿಲ್ವಾ?"

ಮನೆಯಲ್ಲಿ ಕೆಲಸ ಮಾಡುವ ಮೂಗು ಇದ್ದದ್ದು ಎರಡೇ. ಒಂದು, ನಮ್ಮೆಲ್ಲರ ಹೊಟ್ಟೆ ತುಂಬಿಸುವ ಮೂಗು. ಇನ್ನೊಂದು, ಬೆಳಿಗ್ಗೆಯಿಂದ ಸುರಿಯುತ್ತಿದ್ದ ಮೂಗು. ಎರಡಕ್ಕೂ ಜಗಳ ಬಿದ್ದರೆ ಯಾವುದನ್ನು ನಂಬಬೇಕೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

"ಇಲ್ಲದ ವಾಸನೆ ಬರ್ತಿದೆ ಇವಳಿಗೆ," ಅಂದರು ಇವರು ಮೆಲ್ಲಗೆ.

ನಮ್ಮ ಅಂಗಡಿಗೆ ಬರುವ ಒಬ್ಬಾಕೆ, ಕೋವಿಡ್ ಆದಮೇಲೆ ತನಗೆ ಗುಲಾಬಿಯೂ ಸುಟ್ಟ ರಬ್ಬರಿನ ಹಾಗೆ ನಾರುತ್ತದೆ ಎಂದದ್ದು ನೆನಪಾಯಿತು. ಮತ್ತೆ ಅದೇ ವಾರ್ಡು, ಅದೇ ಮಾಸ್ಕು, ಇಳಿಯುವ ಅದೇ ಅಂಕಿ. ಸಂಜೆಯವರೆಗೆ ಕಾಯುವುದು ಆಗದ ಮಾತು. ಚೀಲ ಎಳೆದುಕೊಂಡು ಅವಳ ಬಟ್ಟೆಬರೆ ತುರುಕತೊಡಗಿದೆ.

"ಹೊರಡೋಕೆ ಮುಂಚೆ ಮಗೂಗೆ ಸ್ವಲ್ಪ ಹಬೆ ಕೊಡೋಣ, ಮೂಗು ಬಿಟ್ಕೊಳ್ಳುತ್ತೆ," ಎಂದು ಅತ್ತೆ ನೀರಿನ ಪಾತ್ರೆಯನ್ನು ಒಲೆ ಮೇಲಿಟ್ಟು ಲೈಟರ್ ಎತ್ತಿಕೊಂಡರು.

"ಹಚ್ಚಬೇಡ ಅಜ್ಜೀ!"

ಸಾಸಿವೆ ಶಾಲು ಕಿತ್ತೆಸೆದು ಸ್ಟೂಲಿನಿಂದ ಹಾರಿದಳು. ಲೈಟರ್ ಕಿತ್ತುಕೊಂಡು ಫ್ರಾಕಿನೊಳಗೆ ಹಾಕಿಕೊಂಡುಬಿಟ್ಟಳು.

"ಕೊಡೇ ಇಲ್ಲಿ," ಅಂದರು ಅತ್ತೆ.

"ಕೊಡಲ್ಲ. ಗ್ಯಾಸ್ ಬರ್ತಿದೆ ಅಂದ್ನಲ್ಲ!"

"ಹಠ ಮಾಡ್ಬೇಡ ಪುಟ್ಟಾ," ಅಂದರು ಇವರು. "ನಿಂಗೆ ಹುಷಾರಿಲ್ಲ, ಅದಕ್ಕೆ ಹಾಗನ್ಸುತ್ತೆ. ಅಪ್ಪನ ಮೂಗು ಸುಳ್ಳು ಹೇಳುತ್ತಾ?"

"ಹೇಳುತ್ತೆ!"

ಆ ಒಂದು ಮಾತಿನಿಂದ, ಮಗಳಿಗೆ ಕಾಯಿಲೆ ತಲೆಗೇ ಏರಿದೆ ಎಂದು ಇವರಿಗೆ ಖಾತ್ರಿಯಾಯಿತು.

ಅವಳು ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಎಳೆದಾಡಿದರೆ ಎಲ್ಲಿ ಉಸಿರು ಕಟ್ಟೀತೋ ಎಂದು ನನಗೆ ಭಯ. ಅವಳ ಮಾತನ್ನು ನಾನೂ ನಂಬಿರಲಿಲ್ಲ. ಏನೂ ಇಲ್ಲ ಎಂದು ಕಣ್ಣಾರೆ ತೋರಿಸಿದರೆ ಲೈಟರ್ ಕೊಟ್ಟಾಳು, ಬೇಗ ಹೊರಡಬಹುದು ಅನ್ನುವುದಷ್ಟೇ ನನ್ನ ಲೆಕ್ಕ. ಪಾತ್ರೆ ತೊಳೆಯುವ ಸೋಪನ್ನು ಒದ್ದೆ ಸ್ಪಂಜಿಗೆ ಉಜ್ಜಿ, ನೊರೆ ಬರಿಸಿ, ಪೈಪಿಗೆ ಮೆತ್ತಿದೆ.

"ನನ್ನ ಮನೇಲೇ ಸೋಪು ಹಚ್ತೀಯಾ!" ಎಂದು ಇವರು ಕೂಗಿದರು. ನಾನು ಪಕ್ಕದ ಮನೆಯವನ ಜೊತೆ ಓಡಿಹೋಗಿದ್ದರೂ ಅಷ್ಟು ಅವಮಾನ ಆಗುತ್ತಿರಲಿಲ್ಲವೇನೋ.

"ನೋಡು ಸಾಸಿವೆ, ಒಂದು ಗುಳ್ಳೆನಾದ್ರೂ..."

ಗುಳ್ಳೆ ಬಂತು. ಸಿಲಿಂಡರ್ ಕಡೆಯ ತುದಿಯಲ್ಲಿ, ಹೊಸ ಪೈಪಿನ ಬುಡದಲ್ಲಿ, ಮೊದಲು ಬಟಾಣಿಯಷ್ಟು ಎದ್ದು, ನೋಡನೋಡುತ್ತಾ ನಿಂಬೆಹಣ್ಣಿನಷ್ಟಾಗಿ ಒಡೆಯಿತು. ಅದರ ಹಿಂದೆಯೇ ಇನ್ನೊಂದು ಎದ್ದಿತು.

ಇವರು ಬಗ್ಗಿ ಸಿಲಿಂಡರ್ ಬಂದ್ ಮಾಡಿದರು. ನಾನು ಕಿಟಕಿ ಬಾಗಿಲುಗಳನ್ನೆಲ್ಲ ತೆರೆದೆ. ಅತ್ತೆ ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದರು, ಅದರಿಂದಲೂ ಕಿಡಿ ಹಾರೀತೆಂದು ಮಗಳೇ ಅವರ ಕೈ ಹಿಡಿದು ಹೊರಗೆಳೆದಳು. ನಾಲ್ವರೂ ಮೆಟ್ಟಿಲ ಮೇಲೆ ಬಂದು ಕೂತೆವು. ಆ ಲೈಟರ್ ಒಂದು ಕಿಡಿ ಹಾರಿಸಿದ್ದರೆ ನಾವು ಪಾತ್ರೆಪಗಡೆ ಸಮೇತ ಕೆಳಗಿನವರ ಊಟದ ತಟ್ಟೆಗೆ ಬೀಳುತ್ತಿದ್ದೆವು. ಅದು ನನಗೆ ಹೊಳೆದದ್ದು ಆಮೇಲೆ. ಮೊದಲು ಹೊಳೆದದ್ದು, ಮಗಳ ಮೂಗು ಸರಿಯಾಗಿದೆ ಅನ್ನುವುದು. ಅವಳಿಗೆ ಬಂದದ್ದು ಇಲ್ಲದ ವಾಸನೆಯಲ್ಲ, ಇದ್ದ ವಾಸನೆಯೇ. ಅವಳನ್ನು ಬಾಚಿ ತಬ್ಬಿಕೊಂಡೆ.

"ಬಿಡಮ್ಮ, ಲೈಟರ್ ಚುಚ್ಚುತ್ತೆ," ಅಂದಳು.

ಆಮೇಲೆ ನಾವು ಮೂವರೂ ನಿಧಾನವಾಗಿ ಇವರ ಕಡೆ ತಿರುಗಿದೆವು. ಹೊರಗೆ ಬರುವಾಗ ಅತ್ತೆ ಕಾಫಿಪುಡಿಯ ಡಬ್ಬಿಯನ್ನು ಎತ್ತಿಕೊಂಡೇ ಬಂದಿದ್ದರು. ಮನೆ ಹೊತ್ತಿ ಉರಿದರೂ ಅವರು ಅದನ್ನು ಬಿಟ್ಟು ಬರುವವರಲ್ಲ.

"ಲೋ, ಕಣ್ಣು ಮುಚ್ಚು," ಎಂದು ಡಬ್ಬಿಯ ಮುಚ್ಚಳ ತೆಗೆದು ಮಗನ ಮೂಗಿಗೆ ಹಿಡಿದರು. "ಏನಿದು, ಹೇಳು."

ಇವರು ಉಸಿರೆಳೆದರು. ಇನ್ನೊಂದು ಸಲ ಎಳೆದರು. ಮೂರನೆಯ ಸಲ ಎಳೆಯುವಾಗ ಪುಡಿಯೇ ಒಳಗೆ ಹೋಗಿ ಸೀನಿದರು.

"ತಣ್ಣಗಿದೆ," ಅಂದರು ಕೊನೆಗೆ.

ನಾನು ನಗಬಾರದಿತ್ತು, ನಕ್ಕೆ. ಇವರು ನಗಲಿಲ್ಲ. "ಬೆಳಿಗ್ಗೆ ಮೂರು ಮನೆ..." ಎಂದು ತಡಬಡಿಸಿ ಫೋನ್ ತೆಗೆದರು. "ಹಲೋ, ಒಲೆಯವನು. ಒಲೆ ಹಚ್ಚಬೇಡಿ. ಪೈಪಿಗೆ ಸೋಪಿನ ನೊರೆ ಹಚ್ಚಿ ನೋಡಿ... ಹೌದು, ಸೋಪು... ಹೌದಮ್ಮಾ, ನಾನೇ ಹೇಳ್ತಿರೋದು. ಮೂಗಾ? ಅದು ಇವತ್ತು ಕೆಲಸಕ್ಕೆ ಬಂದಿಲ್ಲ." ಪುಣ್ಯಕ್ಕೆ ಮೂರು ಮನೆಯಲ್ಲೂ ಗುಳ್ಳೆ ಏಳಲಿಲ್ಲ. ಆ ಮೂರು ಫೋನ್ ಮುಗಿಸುವಷ್ಟರಲ್ಲಿ ಮನುಷ್ಯ ಬೆವರಿ ಒದ್ದೆಯಾಗಿದ್ದರು.

ಸಂಜೆ ಡಾಕ್ಟರಮ್ಮ ಇಬ್ಬರ ಮೂಗಿಗೂ ಕಡ್ಡಿ ಹಾಕಿದರು. ಸಾಸಿವೆಗೆ ಒಂದೇ ಗೆರೆ ಬಂತು, ಬರೀ ನೆಗಡಿ. ಇವರಿಗೆ ಎರಡು ಗೆರೆ, ಅದೂ ದಪ್ಪಗೆ. ನನ್ನ ಬಾಯಿಂದ "ಸದ್ಯ!" ಎಂದು ಬಂದೇಬಿಟ್ಟಿತು. ಗಂಡನಿಗೆ ರೋಗ ಅಂದರೆ ಇಷ್ಟು ಖುಷಿಪಡುವ ಹೆಂಡತಿಯನ್ನು ಡಾಕ್ಟರಮ್ಮ ಅದುವರೆಗೆ ನೋಡಿರಲಿಕ್ಕಿಲ್ಲ. ಇವರೂ ಅದೇ ಹೊತ್ತಿಗೆ ಮಾಸ್ಕಿನೊಳಗೆ "ಸದ್ಯ" ಅಂದದ್ದು ಆಕೆಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು.

ಮನೆಗೆ ಬಂದು ಇವರನ್ನು ಕೋಣೆಗೆ ಸೇರಿಸಿ ಬಾಗಿಲು ಹಾಕಿದ್ದಾಯಿತು. ಸಾಸಿವೆ ಆ ಬಾಗಿಲ ಎದುರಿಗೇ ಮಂಡಿ ಮಡಚಿ ಕೂತಳು. ಕರೆದರೂ ಬರಲಿಲ್ಲ. ಅಷ್ಟು ಹೊತ್ತು ಬಾಯಿ ಮುಚ್ಚಿ ಕೂರುವ ಹುಡುಗಿಯಲ್ಲ ಅವಳು. ನಾನು ಹತ್ತಿರ ಹೋಗುವಷ್ಟರಲ್ಲಿ ಬಾಗಿಲಿಗೆ ಮುಖ ಮಾಡಿ, ಇದ್ದಬದ್ದ ದನಿಯನ್ನೆಲ್ಲ ನುಂಗಿಕೊಂಡು ಕೇಳಿದಳು.

"ಅಪ್ಪ, ನಿಂಗೆ ನನ್ನಿಂದ ಬಂತಾ?"

ಬೆಳಿಗ್ಗೆಯಿಂದ ಅವಳ ಜ್ವರ ನೋಡಿದ್ದೆ, ಉಸಿರು ನೋಡಿದ್ದೆ, ಮೂಗು ನೋಡಿದ್ದೆ. ಇದನ್ನು ನೋಡಿರಲಿಲ್ಲ.

ಒಳಗಿನಿಂದ ಇವರ ದನಿ ಬಂತು, ಭಾರಿ ಸಿಟ್ಟಿನ ನಾಟಕದಲ್ಲಿ.

"ನಿನ್ನ ಹಳೇದನ್ನ ಹಾಕ್ಕೊಳ್ಳೋಕೆ ನಾನೇನು ನಿನ್ನ ತಮ್ಮನಾ? ಇದು ನಂದೇ. ಹೊಚ್ಚ ಹೊಸದು. ಹೊರಗಡೆಯಿಂದ ನಾನೇ ತಂದಿದ್ದು."

ಸಾಸಿವೆ ಕಿಸಕ್ಕೆಂದು ನಕ್ಕಳು. ನಕ್ಕು ಮೂಗೊರೆಸಿಕೊಂಡಳು.

"ಹಾಗಾದ್ರೆ ನಂಗೆ ಕೊಡಬೇಡ."

"ಕೊಡಲ್ಲ," ಅಂದರು. ಈಗ ದನಿ ಒಡೆದಿತ್ತು. "ಅದಕ್ಕೇ ಬಾಗಿಲು ಹಾಕ್ಕೊಂಡಿರೋದು. ನೀನು ಸ್ವಲ್ಪ ದೂರ ಕೂತ್ಕೋ."

ಅವಳು ಒಂದು ಗೇಣು ಹಿಂದೆ ಸರಿದು ಕೂತಳು.